ಐಐಎಸ್‌ಸಿ ಓಪನ್ ಡೇ: ಹಳೆಯ ಕಟ್ಟಡ, ಹೊಸ ಲ್ಯಾಬ್ ಎರಡನ್ನೂ ಒಂದೇ ದಿನದಲ್ಲಿ ನೋಡಬಹುದೇ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ತನ್ನ ಲ್ಯಾಬ್‌ಗಳನ್ನು ಸಾರ್ವಜನಿಕರಿಗೆ ತೆರೆದಿಡುವ ಓಪನ್ ಡೇಗೆ ತುಮಕೂರಿನಿಂದ ಐದನೇ ಮತ್ತು ಎಂಟನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಬರುತ್ತೇವೆ, ಲ್ಯಾಬ್‌ಗಳ ಜೊತೆಗೆ ಹಳೆಯ ಕಲ್ಲಿನ ಕಟ್ಟಡವನ್ನೂ ತೋರಿಸಬೇಕು, ಒಂದು ದಿನ ಸಾಕೇ ಎಂದು ಕೇಳಿದ್ದೀರಿ. ಸಾಕು. ಆದರೆ ಲ್ಯಾಬ್‌ಗಳ ಪಟ್ಟಿಯನ್ನು ನಾಲ್ಕೈದಕ್ಕೆ ಇಳಿಸಿಕೊಳ್ಳಿ. ಹದಿನೈದು ವಿಭಾಗ ನೋಡುತ್ತೇವೆಂದು ಹೊರಟವರು ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಯಾವುದಾದರೂ ಮರದ ಕೆಳಗೆ ಕೂತುಬಿಡುತ್ತಾರೆ. ಮೈಸೂರು ಸಂಸ್ಥಾನ ಈ ಸಂಸ್ಥೆಗೆ ಕೊಟ್ಟ ಜಾಗವೇ 371 ಎಕರೆ. ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವುದೇ ದೊಡ್ಡ ನಡಿಗೆ.

ಓಪನ್ ಡೇ ಸಾಮಾನ್ಯವಾಗಿ ಫೆಬ್ರವರಿ ಕೊನೆ ಅಥವಾ ಮಾರ್ಚ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಇರುತ್ತದೆ. ಪ್ರವೇಶ ಉಚಿತ. ಆ ವರ್ಷದ ದಿನಾಂಕವನ್ನು ಸಂಸ್ಥೆಯ ವೆಬ್‌ಸೈಟಿನಲ್ಲೇ ನೋಡಿ, ವಾಟ್ಸಾಪ್ ಫಾರ್ವರ್ಡ್ ನಂಬಬೇಡಿ. ಹಿಂದಿನ ವರ್ಷದ ಪೋಸ್ಟರ್‌ಗಳು ಓಡಾಡುತ್ತಿರುತ್ತವೆ. ರೈಲಿನಲ್ಲಿ ಬಂದರೆ ಯಶವಂತಪುರದಲ್ಲಿ ಇಳಿದು ಆಟೋ ಹಿಡಿಯಿರಿ. ಆಟೋದವರಿಗೂ ಬಸ್ಸಿನವರಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಅಂದರೆ ಸಾಕು. ಕಾರು ತರಬೇಡಿ, ಸಿ.ವಿ. ರಾಮನ್ ರಸ್ತೆಯಲ್ಲೇ ಬೆಳಗಿನ ಒಳ್ಳೆಯ ಹೊತ್ತು ಕಳೆದುಹೋಗುತ್ತದೆ.

ಒಂಬತ್ತಕ್ಕೆ ಒಳಗೆ ಹೋದವರು ಮೊದಲು ಮುಖ್ಯ ಕಟ್ಟಡದತ್ತ ನಡೆಯಿರಿ. ಹೆಚ್ಚಿನವರು ಇದನ್ನು ಕೊನೆಗೆ ಇಟ್ಟುಕೊಂಡು, ಸಂಜೆ ಅದರ ಮುಂದೆ ಒಂದು ಫೋಟೋ ತೆಗೆದುಕೊಂಡು ಹೋಗಿಬಿಡುತ್ತಾರೆ. ಬೆಳಿಗ್ಗೆ ಅಲ್ಲಿ ಜನ ಕಡಿಮೆ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಕಟ್ಟಡವಿದು. ವಾಸ್ತುಶಿಲ್ಪಿ ಮುಂಬೈಯ ಸಿ.ಎಫ್. ಸ್ಟೀವನ್ಸ್. ಎದುರಿಗಿರುವ ಜಮ್‌ಶೆಟ್‌ಜಿ ಟಾಟಾ ಪ್ರತಿಮೆ ಇಂಗ್ಲೆಂಡಿನ ಶಿಲ್ಪಿ ಗಿಲ್ಬರ್ಟ್ ಬೇಯ್ಸ್ ಮಾಡಿದ್ದು. ಟಾಟಾ ಅವರು 1904ರಲ್ಲೇ ತೀರಿಕೊಂಡರು, ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ ಎಂಬುದನ್ನು ಮಕ್ಕಳಿಗೆ ಅಲ್ಲೇ ನಿಂತು ಹೇಳಿ. ಒಳಗೆ ಆಡಳಿತ ಕಚೇರಿಗಳಿರುವುದರಿಂದ ಎಲ್ಲ ಕಡೆ ಬಿಡುವುದಿಲ್ಲ. ಪರವಾಗಿಲ್ಲ, ಹೊರಗಿನಿಂದ ನೋಡುವುದೇ ಬೇಕಾದಷ್ಟಿದೆ.

ಏನು ನೋಡಬೇಕು? ಕಟ್ಟಡ ಬಿಸಿಲನ್ನೂ ಗಾಳಿಯನ್ನೂ ಹೇಗೆ ನಿಭಾಯಿಸುತ್ತದೆ ಎಂಬುದನ್ನು. ಆ ದಿನ ಎದುರಾಗುವ ಪ್ರತಿ ಕಟ್ಟಡಕ್ಕೂ ಮಕ್ಕಳು ಇದೊಂದೇ ಪ್ರಶ್ನೆ ಹಾಕಿಕೊಂಡರೆ ಹಳೆಯದು, ಹೊಸದು ತಾನಾಗಿ ಜೋಡಣೆಯಾಗುತ್ತದೆ. ಇಲ್ಲಿ ಉತ್ತರ ದಪ್ಪ ಕಲ್ಲಿನ ಗೋಡೆ ಮತ್ತು ಎತ್ತರದ ಸೂರು. ಗ್ರಾನೈಟ್ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ನೆರಳಿನ ಗೋಡೆಗೂ ಬಿಸಿಲು ಬಿದ್ದ ಗೋಡೆಗೂ ಅಂಗೈ ಒತ್ತಿ ನೋಡಲಿ.

ಎರಡನೆಯ ಉತ್ತರ 1940ರ ದಶಕದ್ದು. ಕ್ಯಾಂಪಸ್ಸಿಗೆ ಬಂದವರಲ್ಲಿ ಬಹುಪಾಲು ಜನ ಗಮನಿಸದೆ ದಾಟಿಹೋಗುವುದು ಇದನ್ನೇ, ನನ್ನ ಮಟ್ಟಿಗೆ ಇಡೀ ಸುತ್ತಾಟದ ಜೀವವೂ ಇದೇ. ನಾಜಿ ಜರ್ಮನಿಯಿಂದ ಹೊರಬಿದ್ದ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಇಲ್ಲಿಗೆ ಬಂದರು. ಏರೋಸ್ಪೇಸ್ (ಆಗ ಏರೋನಾಟಿಕ್ಸ್) ಮತ್ತು ಮೆಟಲರ್ಜಿ (ಲೋಹಶಾಸ್ತ್ರ) ವಿಭಾಗಗಳ ಹಳೆಯ ಕಟ್ಟಡಗಳು ಅವರ ವಿನ್ಯಾಸ. ಗೋಪುರವಿಲ್ಲ, ಆಡಂಬರವಿಲ್ಲ. ಉದ್ದಕ್ಕೆ ಸಾಗುವ, ಅಗಲ ಕಡಿಮೆಯ ಕಟ್ಟಡದಲ್ಲಿ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೊರಟುಹೋಗುತ್ತದೆ. ಕಿಟಕಿಗಳ ಮೇಲಿನ ಸಜ್ಜಾಗಳನ್ನು ನೋಡಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ಉಳಿದ ತಿಂಗಳು ದಕ್ಷಿಣಕ್ಕೆ; ಹಾಗಾಗಿ ಎರಡೂ ಬದಿಗೆ ನೆರಳು ಬೇಕು. ಪೂರ್ವ-ಪಶ್ಚಿಮದ ಇಳಿಬಿಸಿಲನ್ನು ಮಾತ್ರ ಸಜ್ಜಾ ತಡೆಯಲಾರದು, ಆ ಕಡೆಯ ಗೋಡೆ ಚಿಕ್ಕದಾದಷ್ಟೂ ಒಳ್ಳೆಯದು. ಎಂಟನೇ ತರಗತಿಯವರ ಕೈಗೆ ಫೋನಿನ ದಿಕ್ಸೂಚಿ ಕೊಟ್ಟು, ಯಾವ ಕಟ್ಟಡದ ಉದ್ದನೆಯ ಬದಿ ಯಾವ ದಿಕ್ಕಿಗಿದೆ ಎಂದು ಪರೀಕ್ಷಿಸಲು ಹೇಳಿ.

ಏರೋಸ್ಪೇಸ್‌ನಲ್ಲೇ ಮಾದರಿಗಳ ಮೇಲೆ ಜೋರಾಗಿ ಗಾಳಿ ಹಾಯಿಸಿ ಪರೀಕ್ಷಿಸುವ ಗಾಳಿಸುರಂಗವೂ ಇದೆ. ತೆರೆದಿಟ್ಟಿದ್ದರೆ ಬಿಡಬೇಡಿ.

ಮೂರನೆಯದಕ್ಕೆ ನ್ಯಾನೋ ವಿಜ್ಞಾನ ಕೇಂದ್ರ, ಅಂದರೆ ಸೆನ್ಸ್. ಇಲ್ಲಿ ಹೊರಗಿನ ಗಾಳಿಗೆ ನೇರ ಪ್ರವೇಶವೇ ಇಲ್ಲ. ಕ್ಲೀನ್‌ರೂಮಿಗೆ, ಅಂದರೆ ಚಿಪ್ ತಯಾರಿಸುವ ಧೂಳಿಲ್ಲದ ಕೋಣೆಗೆ, ಹೋಗುವ ಗಾಳಿಯೆಲ್ಲ ಸೋಸಿ ಬರಬೇಕು. ಸುಮ್ಮನೆ ನಿಂತ ಮನುಷ್ಯನ ಮೈಯಿಂದಲೂ ಸೂಕ್ಷ್ಮ ಕಣಗಳು ಉದುರುತ್ತಲೇ ಇರುತ್ತವೆ, ಚಿಪ್ ಮೇಲೆ ಅಂಥ ಒಂದು ಕಣ ಬಿದ್ದರೂ ಅದರ ಮೇಲಿನ ಸೂಕ್ಷ್ಮ ಸರ್ಕ್ಯೂಟ್ ಗೆರೆ ಕೆಡುತ್ತದೆ. ಹಾಗಾಗಿ ಒಳಗೆ ಬಿಡಲಿಲ್ಲವೆಂದು ಮಕ್ಕಳು ಬೇಸರಪಡದಂತೆ ಮೊದಲೇ ತಿಳಿಸಿ. ಇಂಥ ಕೋಣೆಗಳಲ್ಲಿ ಹಳದಿ ದೀಪ ಯಾಕೆ ಎಂದು ಕೇಳಿಯೇ ಕೇಳುತ್ತಾರೆ: ಚಿಪ್ ಮೇಲೆ ಬಳಿಯುವ ಫೋಟೋರೆಸಿಸ್ಟ್ ಎಂಬ ಲೇಪ ನೀಲಿ ಮತ್ತು ಅತಿನೇರಳೆ ಬೆಳಕಿಗೆ ಬದಲಾಗುತ್ತದೆ, ಹಳದಿಗೆ ಇಲ್ಲ. 2022ರಲ್ಲಿ ಶುರುವಾದ ‘ಪರಮ್ ಪ್ರವೇಗ’ ಸೂಪರ್ ಕಂಪ್ಯೂಟರ್ ಬಗ್ಗೆ ಏನಾದರೂ ಇಟ್ಟಿದ್ದರೆ ಅಲ್ಲೂ ಅಂಥದ್ದೇ ಪ್ರಶ್ನೆ ಕೇಳಿಸಿ: ಯಂತ್ರದಿಂದ ಬರುವ ಇಷ್ಟು ಶಾಖ ಎಲ್ಲಿಗೆ ಹೋಗುತ್ತದೆ?

ಈಗ ಎಡವಟ್ಟಾಗುವ ಜಾಗಗಳು. ಹೈ ವೋಲ್ಟೇಜ್ ಲ್ಯಾಬಿನ ಕೃತಕ ಮಿಂಚಿನ ಪ್ರದರ್ಶನಕ್ಕೆ ಸರದಿ ತುಂಬ ಉದ್ದ. ಅದು ನಿರಂತರ ನಡೆಯುವುದಿಲ್ಲ, ತಂಡ ತಂಡವಾಗಿ ಬಿಡುತ್ತಾರೆ. ಬೆಳಿಗ್ಗೆಯೇ ಸಮಯ ವಿಚಾರಿಸಿ, ಅದಕ್ಕೆ ತಕ್ಕಂತೆ ಉಳಿದದ್ದನ್ನು ಹೊಂದಿಸಿಕೊಳ್ಳಿ. ಸಣ್ಣವರು ಸದ್ದಿಗೆ ಬೆಚ್ಚುತ್ತಾರೆ, ಕಿವಿ ಮುಚ್ಚಿಕೊಳ್ಳಲು ಹೇಳಿ. ದ್ರವ ಸಾರಜನಕದ ಪ್ರಯೋಗವಿರುವ ಕಡೆ ಮಕ್ಕಳ ಕೈ ಹಿಡಿದಿರಿ. ಅದು ಮೈನಸ್ 196 ಡಿಗ್ರಿ ಸೆಲ್ಸಿಯಸ್, ಅದರಲ್ಲಿ ಅದ್ದಿದ ಹೂವನ್ನೋ ಲೋಹವನ್ನೋ ಆ ಕೂಡಲೇ ಮುಟ್ಟಿದರೆ ಚರ್ಮಕ್ಕೆ ಪೆಟ್ಟು.

ಅಷ್ಟು ಜನ ಸೇರಿದಾಗ ಮೊಬೈಲ್ ನೆಟ್‌ವರ್ಕ್ ಕೈಕೊಡಬಹುದು. ನಕ್ಷೆಯನ್ನು ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿ, ಮಕ್ಕಳ ಜೇಬಿನಲ್ಲಿ ನಿಮ್ಮ ನಂಬರ್ ಬರೆದ ಚೀಟಿ ಇಡಿ, ತಪ್ಪಿಸಿಕೊಂಡರೆ ಟಾಟಾ ಪ್ರತಿಮೆಯ ಬಳಿ ಬರಬೇಕೆಂದು ಗೊತ್ತುಮಾಡಿ. ತಲೆಗೆ ಒಂದೊಂದು ಲೀಟರ್ ನೀರು, ಟೋಪಿ, ಹಳೆಯ ಶೂ. ಊಟದ ಮಳಿಗೆಗಳಲ್ಲಿ ಒಂದು ಗಂಟೆಗೆ ನೂಕುನುಗ್ಗಲು, ಹನ್ನೆರಡಕ್ಕೇ ಮುಗಿಸಿ. ಚಿತ್ರಾನ್ನವನ್ನೋ ಚಪಾತಿಯನ್ನೋ ಕಟ್ಟಿಕೊಂಡು ಬಂದರೆ ಇನ್ನೂ ಒಳ್ಳೆಯದು, ಆ ಒಂದು ಗಂಟೆಯಲ್ಲಿ ಉಳಿದವರೆಲ್ಲ ಊಟಕ್ಕೆ ಹೋದಾಗ ಲ್ಯಾಬ್‌ಗಳ ಸರದಿ ಸ್ವಲ್ಪ ಕರಗುತ್ತದೆ. ಐದಕ್ಕೆ ಮುಗಿಯುತ್ತದೆ ಎಂದರೂ ಜನಪ್ರಿಯ ವಿಭಾಗಗಳು ಅದಕ್ಕಿಂತ ಮುಂಚೆಯೇ ಸರದಿ ನಿಲ್ಲಿಸುತ್ತವೆ, ನಾಲ್ಕರ ನಂತರಕ್ಕೆ ಮುಖ್ಯವಾದದ್ದೇನನ್ನೂ ಉಳಿಸಿಕೊಳ್ಳಬೇಡಿ.