ಒಂದೇ ಪಕ್ಷದಲ್ಲಿ ಹೋರಾಡಿದ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಹಗೆಗಳಾದದ್ದು ಏಕೆ?

ಹಿಟ್ಲರನ ವಿರುದ್ಧ ಜೊತೆಯಾಗಿ ನಿಂತು ಗೆದ್ದ ಎರಡು ದೇಶಗಳು ಮೂರೇ ವರ್ಷಗಳಲ್ಲಿ ಹಗೆಗಳಾಗಿ ಶೀತಲ ಸಮರ ಎಂದು ಕರೆಯುವ ದೀರ್ಘ ಜಗಳಕ್ಕೆ ಬಿದ್ದದ್ದು ಹೇಗೆ, ತಪ್ಪು ಯಾರದು, ಅಷ್ಟು ಹಗೆಯಿದ್ದೂ ಅವು ನೇರ ಯುದ್ಧಕ್ಕೆ ಇಳಿಯದೆ ಉಳಿದದ್ದು ಏಕೆ, ಇದಕ್ಕೂ ನಮಗೂ ಏನು ಸಂಬಂಧ ಎಂದು ನೀವು ಕೇಳಿದ್ದೀರಿ. ಪದವಿ ತರಗತಿಗಳಿಗೆ ಇತಿಹಾಸ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ನಾನು ಈ ಪ್ರಶ್ನೆಗಳನ್ನು ಬಹುಮಟ್ಟಿಗೆ ಇದೇ ಕ್ರಮದಲ್ಲಿ ಕೇಳಿಸಿಕೊಂಡಿದ್ದೇನೆ. ಮೊದಮೊದಲು ನಾನು ಕೊಡುತ್ತಿದ್ದುದು ಗೈಡುಗಳಲ್ಲಿರುವ ಉತ್ತರವನ್ನೇ: ಒಂದು ಬಂಡವಾಳಶಾಹಿ ದೇಶ, ಇನ್ನೊಂದು ಕಮ್ಯುನಿಸ್ಟ್ ದೇಶ, ಆದ್ದರಿಂದ ಜಗಳ. ಐದು ಅಂಕಗಳ ಪ್ರಶ್ನೆಗೆ ಅಷ್ಟು ಸಾಕು. ಆದರೆ ಸಿದ್ಧಾಂತದ ಭೇದ 1917ರ ರಷ್ಯಾ ಕ್ರಾಂತಿಯಿಂದಲೂ ಇತ್ತು. 1933ರಲ್ಲಿ ಅಮೆರಿಕವು ಸೋವಿಯತ್ ಸರ್ಕಾರಕ್ಕೆ ಮಾನ್ಯತೆ ಕೊಡುವುದಕ್ಕಾಗಲಿ, ಯುದ್ಧಕಾಲದಲ್ಲಿ ಸುಮಾರು 4 ಲಕ್ಷ ಲಾರಿ ಮತ್ತು ಜೀಪುಗಳನ್ನು ಆ ದೇಶಕ್ಕೆ ಕಳಿಸುವುದಕ್ಕಾಗಲಿ ಆ ಭೇದ ಅಡ್ಡಿಯಾಗಲಿಲ್ಲ. ಆದ್ದರಿಂದ 1945ರಲ್ಲಿ ಹೊಸದಾಗಿ ಏನು ಸೇರಿತು ಎಂಬುದನ್ನು ನೋಡಬೇಕಾಗುತ್ತದೆ.

ಹೊಸದಾಗಿ ಸೇರಿದ್ದು ಯುರೋಪಿನ ನಡುವೆ ಬಿದ್ದ ತೆರಪು. ಜರ್ಮನಿ ನೆಲಸಮವಾಗಿತ್ತು, ಬ್ರಿಟನ್ ಗೆದ್ದೂ ಸಾಲದಲ್ಲಿ ಮುಳುಗಿತ್ತು, ಫ್ರಾನ್ಸ್ ಆಗಷ್ಟೇ ಎದ್ದು ಕುಳಿತಿತ್ತು. 1945ರ ಏಪ್ರಿಲ್ 25ರಂದು ಎಲ್ಬೆ ನದಿಯ ದಂಡೆಯ ಟೋರ್ಗಾವ್ ಬಳಿ ಅಮೆರಿಕದ ಮತ್ತು ಸೋವಿಯತ್ ಸೈನಿಕರು ಕೈಕುಲುಕಿದಾಗ, ಅವರಿಬ್ಬರನ್ನು ಬಿಟ್ಟರೆ ಆ ಖಂಡದ ಭವಿಷ್ಯವನ್ನು ತೀರ್ಮಾನಿಸಬಲ್ಲ ಮೂರನೆಯವರು ಉಳಿದಿರಲಿಲ್ಲ. ಇಬ್ಬರಿಗೂ ಬೇಕಾಗಿದ್ದುದು ಭದ್ರತೆ, ಆದರೆ ಆ ಮಾತಿಗೆ ಇಬ್ಬರೂ ಕೊಡುತ್ತಿದ್ದ ಅರ್ಥ ಬೇರೆ. ಸುಮಾರು 2.7 ಕೋಟಿ ಜನರನ್ನು ಕಳೆದುಕೊಂಡಿದ್ದ, ಮೂವತ್ತು ವರ್ಷಗಳೊಳಗೆ ಎರಡು ಬಾರಿ ಜರ್ಮನ್ ಸೇನೆಯ ದಾಳಿಗೆ ಸಿಕ್ಕಿದ್ದ ಸೋವಿಯತ್ ಒಕ್ಕೂಟಕ್ಕೆ ಭದ್ರತೆಯೆಂದರೆ ಗಡಿಯಾಚೆ ತಾನು ಹೇಳಿದಂತೆ ಕೇಳುವ ಸರ್ಕಾರಗಳ ಸಾಲು. ಸುಮಾರು 4 ಲಕ್ಷ ಸೈನಿಕರನ್ನು ಕಳೆದುಕೊಂಡರೂ ಸ್ವಂತ ನೆಲದ ಕಾರ್ಖಾನೆಗಳೆಲ್ಲ ಸುಸ್ಥಿತಿಯಲ್ಲಿದ್ದ ಅಮೆರಿಕಕ್ಕೆ ಭದ್ರತೆಯೆಂದರೆ ತೆರೆದ ಮಾರುಕಟ್ಟೆ, ಚುನಾವಣೆ, ಮತ್ತು 1938ರಲ್ಲಿ ಮ್ಯೂನಿಕ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಹಿಟ್ಲರನಿಗೆ ಮಣಿದಂತೆ ಇನ್ನೊಬ್ಬ ಸರ್ವಾಧಿಕಾರಿಗೆ ಮಣಿಯದಿರುವುದು. ಸ್ಟಾಲಿನ್ ತನ್ನ ಬೇಲಿ ಎಂದು ಹಾಕಿದ್ದು ವಾಷಿಂಗ್ಟನ್ನಿಗೆ ಒತ್ತುವರಿಯಾಗಿ ಕಂಡಿತು. ಅಮೆರಿಕ ಸ್ವಾತಂತ್ರ್ಯ ಎಂದು ಕರೆದದ್ದು ಮಾಸ್ಕೋಗೆ ತನ್ನನ್ನು ಸುತ್ತುಗಟ್ಟುವ ಸಂಚಾಗಿ ಕಂಡಿತು. ಸಿದ್ಧಾಂತದ ಪಾತ್ರವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಎದುರಾಳಿಯ ಪ್ರತಿಯೊಂದು ನಡೆಯಲ್ಲೂ ದುರುದ್ದೇಶವೇ ಇದೆ ಎಂಬ ಖಾತರಿಯನ್ನು ಇಬ್ಬರಿಗೂ ಕೊಟ್ಟದ್ದು ಸಿದ್ಧಾಂತವೇ.

ಇದು ಬರೀ ಮಾತಾಗಬಾರದೆಂದರೆ ಜರ್ಮನಿಯ ಉದಾಹರಣೆಯನ್ನು ಬಿಡಿಸಿ ನೋಡಬೇಕು, ಏಕೆಂದರೆ ಜಗಳ ಗಟ್ಟಿಯಾದದ್ದು ಅಲ್ಲಿ, ಅದೂ ಹಣದ ಲೆಕ್ಕದಲ್ಲಿ. 1945ರ ಫೆಬ್ರವರಿಯ ಯಾಲ್ಟಾ ಸಭೆಯಲ್ಲಿ ಸೋವಿಯತ್ ಒಕ್ಕೂಟವು ಜರ್ಮನಿಯಿಂದ ಒಟ್ಟು 2,000 ಕೋಟಿ ಡಾಲರ್ ಯುದ್ಧ ಪರಿಹಾರ ವಸೂಲಾಗಬೇಕು, ಅದರಲ್ಲಿ ಅರ್ಧ ತನಗೆ ಬರಬೇಕು ಎಂದು ಕೇಳಿತು. ಜುಲೈನಲ್ಲಿ ಪಾಟ್ಸ್‌ಡಾಮ್‌ನಲ್ಲಿ ಸೇರುವ ಹೊತ್ತಿಗೆ ಅಮೆರಿಕದಲ್ಲಿ ರೂಸ್‌ವೆಲ್ಟ್ ತೀರಿಕೊಂಡು ಟ್ರೂಮನ್ ಅಧ್ಯಕ್ಷರಾಗಿದ್ದರು, ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಜುಲೈ 16ರಂದು ಪರಮಾಣು ಬಾಂಬ್ ಪರೀಕ್ಷೆ ಯಶಸ್ವಿಯಾಗಿತ್ತು. ಅಲ್ಲಿ ಆದ ಒಪ್ಪಂದದ ತಿರುಳು ಇಷ್ಟು: ಜರ್ಮನಿಯನ್ನು ನಾಲ್ಕು ವಲಯಗಳಾಗಿ ಹಂಚಿಕೊಂಡಿದ್ದ ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ ಪ್ರತಿಯೊಂದೂ ಮುಖ್ಯವಾಗಿ ತಂತಮ್ಮ ವಲಯದಿಂದಲೇ ಪರಿಹಾರ ತೆಗೆದುಕೊಳ್ಳಬೇಕು, ಪಶ್ಚಿಮದ ವಲಯಗಳ ಹೆಚ್ಚುವರಿ ಯಂತ್ರೋಪಕರಣದಲ್ಲಿ ಒಂದಿಷ್ಟು ಪಾಲು ಸೋವಿಯತ್ತಿಗೆ ಹೋಗಬೇಕು. ಜರ್ಮನಿಯನ್ನು ಒಂದೇ ಆರ್ಥಿಕ ಘಟಕವಾಗಿ ನೋಡಿಕೊಳ್ಳಬೇಕೆಂಬ ಷರತ್ತೂ ಅದೇ ಕಾಗದದಲ್ಲಿತ್ತು. ಮನೆ ಒಂದೇ, ಒಲೆ ಮಾತ್ರ ನಾಲ್ಕು ಎಂಬಂತಹ ಈ ಏರ್ಪಾಡು ಎಷ್ಟು ದಿನ ನಡೆದೀತು? ಸೋವಿಯತ್ತರು ತಮ್ಮ ವಲಯದ ಕಾರ್ಖಾನೆಗಳನ್ನು, ರೈಲು ಹಳಿಗಳನ್ನು ಬಿಚ್ಚಿ ಸಾಗಿಸುತ್ತಿದ್ದರು. ಇತ್ತ ಪಶ್ಚಿಮದ ವಲಯಗಳ ಜನರಿಗೆ ಹೊಟ್ಟೆಗಿರಲಿಲ್ಲ. ಅವರಿಗೆ ಬೇಕಾದ ಧಾನ್ಯದ ಖರ್ಚು ಅಮೆರಿಕ ಮತ್ತು ಬ್ರಿಟನ್ನಿನ ತೆರಿಗೆದಾರರ ತಲೆಯ ಮೇಲಿತ್ತು. 1946ರ ಮೇ ತಿಂಗಳಲ್ಲಿ ಅಮೆರಿಕದ ಜನರಲ್ ಕ್ಲೇ ತಮ್ಮ ವಲಯದಿಂದ ಹೋಗುತ್ತಿದ್ದ ಯಂತ್ರೋಪಕರಣವನ್ನು ನಿಲ್ಲಿಸಿದರು. 1947ರ ಜನವರಿ 1ರಂದು ಬ್ರಿಟಿಷ್ ಮತ್ತು ಅಮೆರಿಕನ್ ವಲಯಗಳು ಒಂದಾದವು. 1948ರ ಜೂನ್ 20ರಂದು ಪಶ್ಚಿಮದ ವಲಯಗಳಲ್ಲಿ ಹೊಸ ನಾಣ್ಯವಾದ ಡಾಯ್ಚ್ ಮಾರ್ಕ್ ಚಲಾವಣೆಗೆ ಬಂತು, ನಾಲ್ಕೇ ದಿನಗಳಲ್ಲಿ ಸೋವಿಯತ್ ಸೇನೆ ತನ್ನ ವಲಯದ ನಡುವೆ ಇದ್ದೂ ಪಶ್ಚಿಮದವರ ಕೈಯಲ್ಲಿದ್ದ ಪಶ್ಚಿಮ ಬರ್ಲಿನ್ನಿಗೆ ಹೋಗುವ ರಸ್ತೆ, ರೈಲು, ಕಾಲುವೆಗಳನ್ನೆಲ್ಲ ಮುಚ್ಚಿತು.

ಆ ದಿಗ್ಬಂಧನ 1949ರ ಮೇ 12ರವರೆಗೆ ನಡೆಯಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ ನಗರಕ್ಕೆ ವಿಮಾನಗಳು ಸುಮಾರು 2.78 ಲಕ್ಷ ಹಾರಾಟಗಳಲ್ಲಿ 23 ಲಕ್ಷ ಟನ್ ಸಾಮಗ್ರಿಯನ್ನು ಹೊತ್ತು ತಂದವು. ಅದರಲ್ಲಿ ಹೆಚ್ಚಿನ ಪಾಲು ಕಲ್ಲಿದ್ದಲು. ಸ್ಟಾಲಿನ್ ಆ ವಿಮಾನಗಳನ್ನು ಹೊಡೆದುರುಳಿಸಲಿಲ್ಲ, ಟ್ರೂಮನ್ ರಸ್ತೆ ತೆರೆಸಲು ಟ್ಯಾಂಕ್ ಕಳಿಸಲಿಲ್ಲ. ನಾನು ವಿದ್ಯಾರ್ಥಿಗಳಿಗೆ ಇದನ್ನು ನಿಧಾನವಾಗಿ ವಿವರಿಸುತ್ತಿದ್ದೆ, ಏಕೆಂದರೆ ಮುಂದಿನ ನಲವತ್ತು ವರ್ಷಗಳ ಆಟದ ನಿಯಮಗಳು ಇಲ್ಲೇ ಬರೆಯಲ್ಪಟ್ಟವು. ದಿಗ್ಬಂಧನ ಇನ್ನೂ ನಡೆಯುತ್ತಿರುವಾಗಲೇ ಏಪ್ರಿಲ್ 4ರಂದು ಅಮೆರಿಕದ ಕಡೆಯ ದೇಶಗಳ ಸೇನಾ ಕೂಟವಾದ ನ್ಯಾಟೋ ಹುಟ್ಟಿತು. ಪಶ್ಚಿಮ ಜರ್ಮನಿಯನ್ನು ಅದಕ್ಕೆ ಸೇರಿಸಿಕೊಂಡ ಕೂಡಲೇ, 1955ರ ಮೇ ತಿಂಗಳಲ್ಲಿ, ಸೋವಿಯತ್ ಕಡೆಯ ಸೇನಾ ಕೂಟವಾದ ವಾರ್ಸಾ ಒಪ್ಪಂದ ಬಂತು. ಟ್ರೂಮನ್ ಸಿದ್ಧಾಂತ, ಮಾರ್ಷಲ್ ಯೋಜನೆ, ಚರ್ಚಿಲ್ಲರ ಫುಲ್ಟನ್ ಭಾಷಣ ಇವೆಲ್ಲ ಯಾವ ಪಠ್ಯಪುಸ್ತಕದಲ್ಲಾದರೂ ಸಿಗುವುದರಿಂದ ಇಲ್ಲಿ ಮತ್ತೆ ಹೇಳುವುದಿಲ್ಲ.

ತಪ್ಪು ಯಾರದು ಎಂಬುದಕ್ಕೆ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ, ನೀವು ಒಪ್ಪಬೇಕೆಂದಿಲ್ಲ. ಭಯ ಎರಡೂ ಕಡೆ ನಿಜವಾಗಿತ್ತು, ಆದರೆ ಆ ಭಯದಿಂದ ಮಾಡಿದ ಕೆಲಸಗಳು ಎಲ್ಲ ಕಡೆಯೂ ಒಂದೇ ತೂಕದವಲ್ಲ. ಯುರೋಪಿನ ಮಟ್ಟಿಗೆ ಹೆಚ್ಚಿನ ಹೊಣೆ ಸ್ಟಾಲಿನ್ನನದು: ಯಾಲ್ಟಾದಲ್ಲಿ ಪೋಲೆಂಡಿಗೆ ಮುಕ್ತ ಚುನಾವಣೆಯ ಮಾತು ಕೊಟ್ಟು, 1947ರ ಜನವರಿಯಲ್ಲಿ ನಡೆಸಿದ್ದು ಚುನಾವಣೆಯ ಹೆಸರಿನ ನಾಟಕ. ಅಮೆರಿಕವು ಇಟಲಿಯ 1948ರ ಚುನಾವಣೆಯಲ್ಲಿ ಗುಟ್ಟಾಗಿ ಹಣ ಹರಿಸಿತು ಎಂಬುದು ನಿಜವಾದರೂ, ಅಲ್ಲಿನ ಕಮ್ಯುನಿಸ್ಟರು ಆಮೇಲೂ ಪಕ್ಷ ಕಟ್ಟಿಕೊಂಡು ಚುನಾವಣೆಗೆ ನಿಲ್ಲುತ್ತಲೇ ಇದ್ದರು. 1956ರಲ್ಲಿ ತಮ್ಮ ದಾರಿ ತಾವು ಹಿಡಿಯಲು ಹೊರಟ ಹಂಗೆರಿಯವರ ಮೇಲೆ ಹರಿದದ್ದು ಟ್ಯಾಂಕುಗಳು. ಆದರೆ ಯುರೋಪನ್ನು ಬಿಟ್ಟು ಹೊರಗೆ ಬಂದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. 1953ರಲ್ಲಿ ಇರಾನಿನ ಪ್ರಧಾನಿ ಮೊಸಾದೆಗ್, 1954ರಲ್ಲಿ ಗ್ವಾಟೆಮಾಲಾದ ಅಧ್ಯಕ್ಷ ಅರ್ಬೆನ್ಸ್, ಇಬ್ಬರೂ ಕಮ್ಯುನಿಸ್ಟರಲ್ಲ. ಒಬ್ಬರು ತಮ್ಮ ದೇಶದ ಎಣ್ಣೆಯನ್ನು ರಾಷ್ಟ್ರೀಕರಿಸಿದ್ದರು, ಇನ್ನೊಬ್ಬರು ಭೂಸುಧಾರಣೆ ಮಾಡಿದ್ದರು. ಇಬ್ಬರನ್ನೂ ಕೆಳಗಿಳಿಸುವುದರ ಹಿಂದೆ ಅಮೆರಿಕದ ಗೂಢಚಾರ ಸಂಸ್ಥೆಯ ಕೈಯಿತ್ತು. ಬುಡಾಪೆಸ್ಟಿನಲ್ಲಿ ನಿಂತು ಕೇಳಿದರೆ ಸಿಗುವ ಉತ್ತರ ಒಂದು, ಟೆಹರಾನಿನಲ್ಲಿ ನಿಂತು ಕೇಳಿದರೆ ಇನ್ನೊಂದು.

ನೇರ ಯುದ್ಧ ಏಕೆ ಆಗಲಿಲ್ಲ ಎಂಬುದಕ್ಕೆ ಪರಮಾಣು ಬಾಂಬ್ ಎಂಬ ಒಂದೇ ಶಬ್ದದ ಉತ್ತರವನ್ನು ಎಲ್ಲರೂ ಕೊಡುತ್ತಾರೆ. 1949ರ ಆಗಸ್ಟ್ 29ರಂದು ಸೋವಿಯತ್ ಒಕ್ಕೂಟವೂ ಬಾಂಬ್ ಸಿಡಿಸಿದ ಮೇಲೆ ಅದು ಬಹುಮಟ್ಟಿಗೆ ಸರಿಯಾದ ಉತ್ತರವೇ. ಆದರೆ ನೇರ ಯುದ್ಧ ಆಗಲೇ ಇಲ್ಲ ಎಂಬುದು ಪೂರ್ತಿ ಸತ್ಯವಲ್ಲ. ಕೊರಿಯಾ ಯುದ್ಧದಲ್ಲಿ ಸೋವಿಯತ್ ವೈಮಾನಿಕರು ಚೀನಾ ಮತ್ತು ಉತ್ತರ ಕೊರಿಯಾದ ಗುರುತು ಬಳಿದ ಮಿಗ್-15 ವಿಮಾನಗಳಲ್ಲಿ ಕುಳಿತು ಅಮೆರಿಕದ ವಿಮಾನಗಳ ಜೊತೆ ಕಾದಾಡಿದರು. ಅಮೆರಿಕದ ಅಧಿಕಾರಿಗಳಿಗೆ ಅದು ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ, ಏಕೆಂದರೆ ಬಾಯಿ ಬಿಟ್ಟರೆ ಸ್ವದೇಶದ ಜನ ಮಾಸ್ಕೋ ಮೇಲೆಯೇ ಯುದ್ಧ ಹೂಡಿರೆಂದು ಒತ್ತಾಯಿಸುವ ಸಂಭವವಿತ್ತು. ಕೊಲ್ಲುತ್ತಿದ್ದವರೂ ಕೊಲ್ಲಿಸಿಕೊಳ್ಳುತ್ತಿದ್ದವರೂ ಒಂದೇ ಗುಟ್ಟನ್ನು ಕಾಪಾಡಿಕೊಂಡ ಇಂತಹ ಇನ್ನೊಂದು ಪ್ರಸಂಗ ನನಗೆ ನೆನಪಾಗುವುದಿಲ್ಲ.

ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಪರಮಾಣು ಕ್ಷಿಪಣಿಗಳನ್ನು ಇಟ್ಟದ್ದರಿಂದ ಹುಟ್ಟಿದ 1962ರ ಅಕ್ಟೋಬರಿನ ಪ್ರಸಂಗವನ್ನು ಓದಿದರೆ ಬಾಂಬಿನ ಭಯವೊಂದೇ ನಮ್ಮನ್ನು ಉಳಿಸಿತೆಂದು ಧೈರ್ಯವಾಗಿ ಹೇಳಲು ಬಾಯಿ ಬರುವುದಿಲ್ಲ. ಅಕ್ಟೋಬರ್ 27ರ ಒಂದೇ ದಿನದಲ್ಲಿ ಎರಡು ಘಟನೆಗಳಾದವು. ಮಾಸ್ಕೋದ ಅನುಮತಿಯಿಲ್ಲದೆ ಸ್ಥಳದಲ್ಲಿದ್ದ ಸೋವಿಯತ್ ಜನರಲ್‌ಗಳೇ ಆದೇಶ ಕೊಟ್ಟು ಅಮೆರಿಕದ ಯು-2 ಬೇಹುಗಾರಿಕೆ ವಿಮಾನವನ್ನು ಹೊಡೆದುರುಳಿಸಿದರು. ಅದರ ಪೈಲಟ್ ಸತ್ತರು. ಸಮುದ್ರದೊಳಗೆ ಅಮೆರಿಕದ ಹಡಗುಗಳು ಎಚ್ಚರಿಕೆಯ ಸಿಡಿಮದ್ದು ಹಾಕಿ ಮೇಲೆಬ್ಬಿಸಲು ನೋಡುತ್ತಿದ್ದ ಬಿ-59 ಎಂಬ ಸೋವಿಯತ್ ಜಲಾಂತರ್ಗಾಮಿಯಲ್ಲಿ ಪರಮಾಣು ಟಾರ್ಪಿಡೊ ಇತ್ತು, ಮೇಲಿದ್ದವರಿಗೆ ಅದು ಗೊತ್ತಿರಲಿಲ್ಲ. ಅದನ್ನು ಹಾರಿಸದಂತೆ ಒಳಗೆ ತಡೆದವರಲ್ಲಿ ವಾಸಿಲಿ ಅರ್ಖಿಪೋವ್ ಎಂಬ ಅಧಿಕಾರಿ ಪ್ರಮುಖರು. ಅದೇ ದಿನ ರಾತ್ರಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ತಮ್ಮ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ದೊಬ್ರಿನಿನ್ ಅವರನ್ನು ಕಂಡು, ಟರ್ಕಿಯಲ್ಲಿದ್ದ ಅಮೆರಿಕದ ಜುಪಿಟರ್ ಕ್ಷಿಪಣಿಗಳನ್ನೂ ಕೆಲವು ತಿಂಗಳಲ್ಲಿ ತೆಗೆಯುತ್ತೇವೆ, ಆದರೆ ಇದು ಹೊರಗೆ ಬರಕೂಡದು ಎಂದು ತಿಳಿಸಿದರು. ಸೋವಿಯತ್ ನಾಯಕ ಕ್ರುಶ್ಚೇವ್ ಹಿಂದೆ ಸರಿದರು, ಅಧ್ಯಕ್ಷ ಕೆನಡಿ ಗೆದ್ದರು ಎಂದು ಜಗತ್ತು ವರ್ಷಗಟ್ಟಲೆ ನಂಬಿದ್ದು ಆ ಗುಟ್ಟಿನಿಂದಾಗಿ. ಮರುವರ್ಷ ಎರಡು ರಾಜಧಾನಿಗಳ ನಡುವೆ ನೇರ ಸಂಪರ್ಕ ಏರ್ಪಟ್ಟಿತು; ಅದು ಸಿನಿಮಾಗಳಲ್ಲಿ ತೋರಿಸುವ ಕೆಂಪು ಟೆಲಿಫೋನ್ ಆಗಿರಲಿಲ್ಲ, ಟೆಲಿಪ್ರಿಂಟರ್ ಆಗಿತ್ತು.

ಕೋಣಗಳೆರಡು ಹೋರಿದರೆ ಗಿಡಕ್ಕೆ ಮೃತ್ಯು ಎಂಬ ನಮ್ಮ ಗಾದೆಯನ್ನು ಈ ವಿಷಯಕ್ಕೆ ಅನ್ವಯಿಸುವುದು ವಾಡಿಕೆ. ಕೊರಿಯಾ, ವಿಯೆಟ್ನಾಂ, ಅಂಗೋಲಾ, ಅಫ್ಘಾನಿಸ್ತಾನಗಳಲ್ಲಿ ಸತ್ತವರನ್ನು ನೆನೆದರೆ ಶೀತಲ ಸಮರ ಎಂಬ ಹೆಸರೇ ಯುರೋಪಿನವರ ಸೌಕರ್ಯಕ್ಕೆ ಇಟ್ಟದ್ದು ಎನ್ನಿಸುತ್ತದೆ, ಆ ಮಟ್ಟಿಗೆ ಗಾದೆ ಸರಿ. ಆದರೆ ಗಿಡಗಳು ಸುಮ್ಮನೆ ನಿಂತಿರಲಿಲ್ಲ. ಕೊರಿಯಾವನ್ನು 38ನೆಯ ಅಕ್ಷಾಂಶದಲ್ಲಿ ಸೀಳುವ ಗೆರೆಯನ್ನು 1945ರ ಆಗಸ್ಟಿನ ಒಂದು ರಾತ್ರಿ ವಾಷಿಂಗ್ಟನ್ನಿನ ಇಬ್ಬರು ಕರ್ನಲ್‌ಗಳು ನಕ್ಷೆ ನೋಡಿ ಆರಿಸಿದರು ಎಂಬುದು ನಿಜ. ಅವರಲ್ಲೊಬ್ಬರಾದ ಡೀನ್ ರಸ್ಕ್ ಮುಂದೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾದರು. ಆದರೆ ಆ ಗೆರೆಯನ್ನು ಸೇನೆಯಿಂದ ಅಳಿಸಲು ಅನುಮತಿ ಕೊಡಿ ಎಂದು ಸ್ಟಾಲಿನ್ನನ ಬೆನ್ನು ಬಿದ್ದವನು ಉತ್ತರ ಕೊರಿಯಾದ ನಾಯಕ ಕಿಮ್ ಇಲ್ ಸುಂಗ್. ಚೀನಾದ ಮಾವೋನ ಒಪ್ಪಿಗೆ ಪಡೆದು ಬಾ ಎಂಬ ಷರತ್ತಿನ ಮೇಲೆ ಸ್ಟಾಲಿನ್ 1950ರಲ್ಲಿ ಒಪ್ಪಿದ. ದಕ್ಷಿಣದ ಸಿಂಗ್‌ಮನ್ ರೀ ಕೂಡ ಉತ್ತರವನ್ನು ಬಲದಿಂದ ಸೇರಿಸಿಕೊಳ್ಳುವ ಮಾತನ್ನು ಮುಚ್ಚಿಡದೆ ಆಡುತ್ತಿದ್ದ. ಸ್ಥಳೀಯ ನಾಯಕರು ತಮ್ಮ ಹಳೆಯ ಜಗಳಗಳಿಗೆ ಮಹಾಶಕ್ತಿಗಳ ಬೆಂಬಲವನ್ನು ಜಾಣತನದಿಂದ ಪಡೆದುಕೊಂಡರು ಎಂಬುದನ್ನು ಮರೆತರೆ ಈ ಇತಿಹಾಸದ ಅರ್ಧ ಭಾಗ ಅರ್ಥವಾಗುವುದಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಇದಕ್ಕೂ ನಮಗೂ ಏನು ಸಂಬಂಧ ಎಂಬುದು. ಅದೇ ಕೊರಿಯಾದಲ್ಲಿ, ಸ್ವದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಸಿಕ್ಕಿ ಶಾಂತಿ ಮಾತುಕತೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಗಿತ್ತು. 1953ರ ಜುಲೈ 27ರ ಕದನವಿರಾಮದ ನಂತರ ಆ ಕೆಲಸಕ್ಕೆ ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾದವರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಸಿಂಗ್‌ಮನ್ ರೀ ಆ ಕೈದಿಗಳನ್ನು ಕಾಯಲು ಬಂದ ಭಾರತೀಯ ಸೈನಿಕರು ದಕ್ಷಿಣ ಕೊರಿಯಾದ ನೆಲ ಮುಟ್ಟಕೂಡದೆಂದು ಹಟ ಹಿಡಿದದ್ದರಿಂದ ಅವರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ಸೇನಾರಹಿತ ವಲಯದಲ್ಲಿ ಇಳಿಸಬೇಕಾಯಿತು. ಸುಮಾರು 22 ಸಾವಿರ ಕೈದಿಗಳನ್ನು, ಎರಡೂ ಕಡೆಯ ಬೈಗುಳ ಕೇಳಿಸಿಕೊಳ್ಳುತ್ತ, ತಿಂಗಳುಗಟ್ಟಲೆ ಕಾಯ್ದ ಆ ಪಡೆ ಹಿಂತಿರುಗುವಾಗ ಎರಡು ಕೊರಿಯಾಗಳೂ ಬೇಡ, ಎರಡು ಚೀನಾಗಳೂ ಬೇಡ ಎಂದ 88 ಮಂದಿಯನ್ನು ಜೊತೆಗೆ ಭಾರತಕ್ಕೆ ಕರೆತಂದಿತು.

ಇನ್ನೊಂದು ಉದಾಹರಣೆ ಬೆಂಗಳೂರಿನದು. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ, ಉಡುಪಿ ಕಡೆಯವರಾದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ತಯಾರಾದ ಆರ್ಯಭಟ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಕಕ್ಷೆಗೆ ಸೇರಿಸಿತು. ಅದೇ ವರ್ಷದ ಆಗಸ್ಟ್ 1ರಿಂದ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮ ಬರತೊಡಗಿತು. ಅವುಗಳಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಒಬ್ಬರ ರಾಕೆಟ್, ಇನ್ನೊಬ್ಬರ ಉಪಗ್ರಹ, ಎರಡೂ ಒಂದೇ ವರ್ಷದಲ್ಲಿ. ಎರಡು ಬಣಗಳಲ್ಲಿ ಯಾವುದಕ್ಕೂ ಸೇರದ ನಮ್ಮ ಅಲಿಪ್ತ ನೀತಿಯನ್ನು ಬೈಯುವವರಿಗೂ ಹೊಗಳುವವರಿಗೂ ನಾನು ಈ ಎರಡು ತಾರೀಖುಗಳನ್ನು ತೋರಿಸುವುದುಂಟು. ಎಟಿಎಸ್-6 ಒಂದೇ ವರ್ಷದ ಎರವಲು, 1976ರ ಜುಲೈ ಕೊನೆಗೆ ಆ ಕಾರ್ಯಕ್ರಮ ನಿಂತಿತು. ಆರ್ಯಭಟ ಕೆಲವೇ ದಿನಗಳಲ್ಲಿ ವಿದ್ಯುತ್ ದೋಷದಿಂದ ಪ್ರಯೋಗಗಳನ್ನು ನಿಲ್ಲಿಸಿದರೂ ಕಕ್ಷೆಯಲ್ಲಿ ಸುತ್ತುತ್ತಲೇ ಇತ್ತು, ಮತ್ತು 1992ರ ಫೆಬ್ರವರಿಯಲ್ಲಿ ಭೂಮಿಯ ವಾತಾವರಣಕ್ಕೆ ಬಿದ್ದು ಉರಿದುಹೋಗುವ ಹೊತ್ತಿಗೆ, ಅದನ್ನು ಮೇಲಕ್ಕೆ ಕಳಿಸಿದ್ದ ದೇಶವೇ ಇಲ್ಲವಾಗಿ ಒಂದೂವರೆ ತಿಂಗಳಾಗಿತ್ತು.