ಓದುಗರ ಪ್ರಶ್ನೆ: ಹಿಡಿಯದೆ ನುಡಿಸುವ ಥೆರೆಮಿನ್

ಪ್ರಶ್ನೆ: ಆರು ವರ್ಷ ಪಿಟೀಲು ಕಲಿತಿದ್ದೇನೆ. ಥೆರೆಮಿನ್ ನೋಡಿದ ದಿನದಿಂದ ಮನಸ್ಸು ಅಲ್ಲೇ ನೆಟ್ಟಿದೆ. ಮುಟ್ಟದೆ ಸ್ವರ ಬರುವುದು ಹೇಗೆ? ಗಮಕ ಬರುತ್ತದೆಯೇ?
– ಓದುಗರು, ಮೈಸೂರು

ಉತ್ತರ: ರಷ್ಯಾದ ಲೆವ್ ಟರ್ಮೆನ್ 1920ರ ಸುಮಾರಿಗೆ ರೂಪಿಸಿದ ವಾದ್ಯವಿದು. ಒಳಗೆ ಎರಡು ಆಸಿಲೇಟರ್‌ಗಳು (ವಿದ್ಯುತ್ ಕಂಪನ ಹುಟ್ಟಿಸುವ ಸರ್ಕ್ಯೂಟ್‌ಗಳು) ಇವೆ. ಎರಡರ ಕಂಪನವೂ ಕಿವಿಗೆ ನಿಲುಕದಷ್ಟು ಮೇಲಿನದು. ಒಂದು ಸ್ಥಿರ, ಇನ್ನೊಂದು ಬಲಗಡೆಯ ಕೋಲು ಆಂಟೆನಾಕ್ಕೆ ಜೋಡಿಸಿದ್ದು. ಕೈ ಹತ್ತಿರ ಬಂದಷ್ಟೂ ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಹೆಚ್ಚಿ ಎರಡನೆಯದರ ಕಂಪನ ಇಳಿಯುತ್ತದೆ. ಎರಡರ ವ್ಯತ್ಯಾಸವೇ ನಿಮಗೆ ಕೇಳುವ ಸ್ವರ, ಅದು ಹೆಚ್ಚಿದಷ್ಟೂ ಸ್ವರ ಏರುತ್ತದೆ: ಒಂದು 2,85,000, ಇನ್ನೊಂದು 2,84,560 ಇದ್ದರೆ 440 ಹರ್ಟ್ಜ್. ಎಡಗೈ ಬಳೆಯಾಕಾರದ ಆಂಟೆನಾದ ಮೇಲಿರುತ್ತದೆ. ಇಳಿಸಿದರೆ ಸದ್ದು ಅಡಗುತ್ತದೆ, ಎತ್ತಿದರೆ ಏರುತ್ತದೆ.

ಗಮಕದ ಚಿಂತೆ ಬೇಡ. ಜಾರು ಬೇಡವೆಂದರೂ ಬರುತ್ತದೆ, ಕಂಪಿತಕ್ಕೆ ಮಣಿಕಟ್ಟಿನ ಅಲುಗಾಟ ಸಾಕು. ಕಷ್ಟವಿರುವುದು ಅಲುಗದ ಒಂದು ಷಡ್ಜದಲ್ಲಿ. ಜಂಟಿವರಸೆ ಇನ್ನೂ ಕಠಿಣ: ಸ–ಸ ಎಂಬುದು ಒಂದೇ ಉದ್ದ ಸ್ವರವಾಗಿಬಿಡುತ್ತದೆ, ನಡುವೆ ಎಡಗೈಯನ್ನು ಥಟ್ಟನೆ ಇಳಿಸಿ ಎತ್ತಬೇಕು.

ಪಿಟೀಲು ಬಿಟ್ಟು ಥೆರೆಮಿನ್ ಹಿಡಿದ (ಹಿಡಿಯಲು ಅಲ್ಲೇನಿದೆ!) ಕ್ಲಾರಾ ರಾಕ್‌ಮೋರ್ ಇದಕ್ಕೊಂದು ಬೆರಳು ವಿನ್ಯಾಸ ರೂಢಿಸಿದರು. ಹೆಬ್ಬೆರಳು, ತೋರುಬೆರಳ ತುದಿ ಕೂಡಿಸಿ, ಉಳಿದ ಬೆರಳು ಮಡಚಿ ಮಂದ್ರದ ಸ ಹಿಡಿಯಿರಿ. ತೋಳು ಕದಲಿಸದೆ ಬೆರಳುಗಳನ್ನು ಹಂತಹಂತವಾಗಿ ಆಂಟೆನಾದತ್ತ ಬಿಚ್ಚುತ್ತ ಮೇಲಿನ ಸ್ವರಗಳಿಗೆ ಹೋಗಿ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಹಾಕಿಕೊಂಡು ಮೊದಲು ಸ–ಪ–ಸ ಮಾತ್ರ ಸಾಧಿಸಿ, ಸರಳೆ ಆಮೇಲೆ. ಪಿಟೀಲಿನ ಕಿವಿ ನಿಮಗೆ ದೊಡ್ಡ ಆಸ್ತಿ. ಇಲ್ಲಿ ಬೆರಳಿಗೆ ತಂತಿಯ ಆಸರೆಯೂ ಇಲ್ಲ.

ಪ್ರಶ್ನೆ: ಹೊಸ ಥೆರೆಮಿನ್ ತರಿಸಿದೆ. ಕೈ ಹತ್ತಿರ ತಂದರೆ ಸ್ವರ ಇಳಿದು, ನಿಂತು, ಮತ್ತೆ ಏರುತ್ತದೆ. ಮನೆಯವರು ಪಕ್ಕದಲ್ಲಿ ಹಾದುಹೋದರೂ ಶ್ರುತಿ ಕೆಡುತ್ತದೆ. ಯಂತ್ರವೇ ಕೆಟ್ಟಿದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಕೆಟ್ಟಿರುವ ಸಾಧ್ಯತೆ ಕಡಿಮೆ. ಪಿಚ್ ನಾಬ್ ಶೂನ್ಯ ಬಿಂದುವನ್ನು (ಎರಡೂ ಕಂಪನ ಸಮವಾಗಿ ಸದ್ದು ನಿಲ್ಲುವ ಜಾಗ) ದಾಟಿದೆ. ಸ್ವಿಚ್ ಹಾಕಿ ಹದಿನೈದು ನಿಮಿಷ ಬಿಡಿ. ಬಿಸಿಯಾಗುವವರೆಗೆ ಶ್ರುತಿ ಜಾರುತ್ತಲೇ ಇರುತ್ತದೆ. ಆಮೇಲೆ ಕೋಲಿನಿಂದ ಸುಮಾರು ಎರಡು ಅಡಿ ದೂರ, ಬಲಭುಜ ಅದರ ನೇರಕ್ಕೆ ಬರುವಂತೆ ನಿಲ್ಲಿ. ಬಲಗೈಯನ್ನು ಭುಜದ ಹತ್ತಿರ ಎಳೆದುಕೊಂಡು, ಸ್ವರ ಗುರುಗುಟ್ಟಿ ನಿಶ್ಶಬ್ದವಾಗುವವರೆಗೆ ಎಡಗೈಯಿಂದ ನಾಬ್ ತಿರುಗಿಸಿ. ಅಲ್ಲಿಂದ ಕೈ ಮುಂದೆ ಚಾಚಿದರೆ ಸ್ವರ ಏರಬೇಕು, ಏರುತ್ತಲೇ ಇರಬೇಕು. ನಿಂತ ಜಾಗ ಬದಲಾದರೆ ಮತ್ತೆ ಇದನ್ನೇ ಮಾಡಬೇಕು.

ಹಾದುಹೋಗುವವರ ಮೈಯೂ ಆಂಟೆನಾಕ್ಕೆ ನಿಮ್ಮ ಕೈಯಂತೆಯೇ. ಜನ, ಕಬ್ಬಿಣದ ಬೀರು, ತಲೆಯಾಡಿಸುವ ಟೇಬಲ್ ಫ್ಯಾನ್ ಎಲ್ಲವೂ ನಾಲ್ಕೈದು ಅಡಿ ಆಚೆಗಿರಲಿ. ಎರಡು ಪಿನ್ನಿನ ಅಡಾಪ್ಟರ್ ಆದರೆ ಅರ್ತಿಂಗ್ ಇಲ್ಲದ ಕಾರಣಕ್ಕೂ ಸ್ವರ ತೂಗಾಡುತ್ತದೆ. ಮೂರು ಪಿನ್ನಿನ, ಅರ್ತ್ ಸರಿಯಿರುವ ಆಂಪ್ಲಿಫೈಯರ್‌ಗೆ ಆಡಿಯೋ ಕೇಬಲ್ ಜೋಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸಾಕೆಟ್ಟಿನ ಅರ್ತ್ ತೂತಿಗೆ ನೀವೇ ತಂತಿ ತುರುಕಲು ಹೋಗಬೇಡಿ.

ಪ್ರಶ್ನೆ: 555 ಐಸಿ, ಎಲ್‌ಡಿಆರ್ ಇರುವ ಅಗ್ಗದ ಕಿಟ್ ಕೂಡ ಥೆರೆಮಿನ್ನೇ?
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಅಲ್ಲ. ಎಲ್‌ಡಿಆರ್ ಎಂದರೆ ಬೆಳಕು ಅಳೆಯುವ ಬಿಡಿಭಾಗ, ಹಾಗಾಗಿ ಅದು ಕೈಯ ನೆರಳಿಗೆ ಸ್ಪಂದಿಸುತ್ತದೆ, ಕತ್ತಲಲ್ಲಿ ಕೈಯ ಗೊಡವೆಯೇ ಅದಕ್ಕಿಲ್ಲ. ಬೆಸುಗೆ ಕಲಿಯಲು ಒಳ್ಳೆಯದು, ಕೊಳ್ಳಿ.