ಮಲ್ಟಿಮೀಟರ್ 230 ವೋಲ್ಟ್ ತೋರಿಸಿದರೂ ತೋಟದ ಪಂಪು ಏಕೆ ತಿರುಗುವುದಿಲ್ಲ?

ನೀವು ಬಹುಶಃ ಪಂಪನ್ನು ಬಿಚ್ಚಿಟ್ಟು, ಅದಕ್ಕೆ ಹೋಗುವ ತಂತಿಯ ತುದಿಯಲ್ಲಿ ಅಳೆದಿದ್ದೀರಿ. ಹೊರೆಯಿಲ್ಲದಾಗ, ಅಂದರೆ ಪಂಪು ಪ್ರವಾಹ ಎಳೆಯದಿರುವಾಗ, ಕೆಟ್ಟ ಜೋಡಣೆಯೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ.

ಕಾರಣ ಮೀಟರಿನೊಳಗಿದೆ. ವೋಲ್ಟ್ ಅಳೆಯುವಾಗ ಸಾಮಾನ್ಯ ಡಿಜಿಟಲ್ ಮೀಟರಿನ ರೋಧ (ಪ್ರವಾಹಕ್ಕೆ ಒಡ್ಡುವ ತಡೆ) ಸುಮಾರು 1 ಕೋಟಿ ಓಮ್. 230 ವೋಲ್ಟಿನಲ್ಲಿ ಅದು ಎಳೆಯುವುದು 23 ಮೈಕ್ರೊ ಆಂಪಿಯರ್, ಅಂದರೆ ಆಂಪಿಯರಿನ ಹತ್ತು ಲಕ್ಷದಲ್ಲಿ 23 ಭಾಗ ಮಾತ್ರ. ನಮ್ಮ ಕಾಸರಗೋಡಿನ ಮಳೆಗೆ ಕಿಲುಬು ಹಿಡಿದ ಜಾಯಿಂಟಿನಲ್ಲಿ 3 ಓಮ್ ರೋಧವಿದೆ ಎನ್ನಿ. ಇಷ್ಟು ಸಣ್ಣ ಪ್ರವಾಹಕ್ಕೆ ಅಲ್ಲಿ ಏನೂ ನಷ್ಟವಾಗದು. ಪಂಪು ಹೊರಡುವಾಗ 20 ಆಂಪಿಯರ್ ಎಳೆದರೆ ಅದೇ ಜಾಗದಲ್ಲಿ 60 ವೋಲ್ಟ್ ಕಳೆದುಹೋಗುತ್ತದೆ. ಉಳಿದ 170ರಲ್ಲಿ ಮೋಟಾರಿನ ತಿರುಗುಬಲ ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ; ಅದು ಗುಂಯ್‌ಗುಟ್ಟುತ್ತಾ ನಿಲ್ಲುತ್ತದೆ.

ಆದ್ದರಿಂದ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಸ್ವಿಚ್ ಹಾಕಿದ ಕೆಲವೇ ಕ್ಷಣ ಮೋಟಾರಿನ ತುದಿಯಲ್ಲೂ ಮೇನ್ ಬೋರ್ಡಿನಲ್ಲೂ ಅಳೆಯಿರಿ. ಬೋರ್ಡಿನಲ್ಲಿ 230 ಉಳಿದು ಮೋಟಾರಿನಲ್ಲಿ ಕುಸಿದರೆ ದೋಷ ನಡುವಿನ ತಂತಿಯಲ್ಲಿದೆ. ಎರಡೂ ಕಡೆ ಕುಸಿದರೆ ಲೈನೇ ದುರ್ಬಲ. ಎರಡೂ ಕಡೆ ಸರಿಯಿದ್ದರೆ ಮೋಟಾರು ಹೊರಡಲು ನೆರವಾಗುವ ಕೆಪಾಸಿಟರ್ ಅಥವಾ ಮೋಟಾರನ್ನೇ ನೋಡಬೇಕು.

ದಯವಿಟ್ಟು ಒಂದು ವಿಷಯ ಮರೆಯಬೇಡಿ: ಮೀಟರಿನ ಕೆಂಪು ತಂತಿ ಪ್ರವಾಹ ಅಳೆಯುವ 10 ಆಂಪಿಯರ್ ತೂತಿನಲ್ಲಿರುವಾಗ ವೋಲ್ಟ್ ಅಳೆಯಲು ಹೋಗಬೇಡಿ. ಆ ದಾರಿಯಲ್ಲಿ ರೋಧ ಇಲ್ಲವೆನ್ನುವಷ್ಟು ಕಡಿಮೆ. ನೇರ ಶಾರ್ಟ್ ಆಗಿ ಕೈ ಸುಡಬಹುದು. ಒದ್ದೆ ನೆಲದಲ್ಲಿ ನಿಂತಂತೂ ಈ ಕೆಲಸ ಬೇಡವೇ ಬೇಡ, ಇಲೆಕ್ಟ್ರಿಷಿಯನ್‌ನನ್ನು ಕರೆಯಿರಿ.